ಫೋನಿನಲ್ಲಿ ಕಂಪ್ಯೂಟರ್ ಹೇಳಿಕೊಡುವವರಿಗೆ ಯಾವ ರನ್ ಕಮಾಂಡ್‌ಗಳು ಗೊತ್ತಿರಬೇಕು?

ದೂರದ_ಮಗಳು
ಅಪ್ಪನ ಕಂಪ್ಯೂಟರ್ ಕೈಕೊಟ್ಟಾಗಲೆಲ್ಲ ಫೋನ್ ಬರುವುದು ನನಗೇ. ನಾನಿರುವುದು ಬೇರೆ ಊರಲ್ಲಿ. "ಸ್ಟಾರ್ಟ್ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಎಡಗಡೆ ಮೂರನೆಯದು" ಅಂತ ನಾನು ಹೇಳುತ್ತೇನೆ. "ಇಲ್ಲಿ ಹಾಗೇನೂ ಇಲ್ಲವಲ್ಲಮ್ಮ" ಅಂತ ಅವರು ಹೇಳುತ್ತಾರೆ. ನನ್ನದು ವಿಂಡೋಸ್ 11, ಅವರದು ವಿಂಡೋಸ್ 10. ನನಗೆ ಕಾಣುವುದು ಅವರಿಗೆ ಕಾಣುವುದೇ ಇಲ್ಲ. ಕೊನೆಗೆ ಇಬ್ಬರಿಗೂ ಬೇಸರ.

ಗೆಳತಿಯೊಬ್ಬಳು ಒಂದು ದಾರಿ ಹೇಳಿದಳು. ಮೌಸ್ ಮುಟ್ಟುವುದೇ ಬೇಡ, ವಿಂಡೋಸ್ ಕೀ ಹಿಡಿದು ಆರ್ ಒತ್ತಿಸು, ಬರುವ "ರನ್" ಅನ್ನುವ ಚಿಕ್ಕ ಪೆಟ್ಟಿಗೆಯಲ್ಲಿ ಹೆಸರು ಟೈಪ್ ಮಾಡಿಸು ಅಂತ. ಸಿ-ಎ-ಎಲ್-ಸಿ ಅಂತ ಒಂದೊಂದೇ ಅಕ್ಷರ ಹೇಳಿ ಎಂಟರ್ ಒತ್ತಿಸಿದೆ. ಕ್ಯಾಲ್ಕುಲೇಟರ್ ತೆರೆಯಿತು. ಅಪ್ಪನಿಗೆ ಖುಷಿಯೋ ಖುಷಿ.

ಈಗ ನನ್ನ ಪ್ರಶ್ನೆ. ಮನೆಯಲ್ಲಿ ಬರುವ ಸಾಮಾನ್ಯ ತೊಂದರೆಗಳಿಗೆ ನಿಜವಾಗಿ ಕೆಲಸಕ್ಕೆ ಬರುವ ಕಮಾಂಡ್‌ಗಳು ಯಾವುವು? ನೂರಾರು ಕಮಾಂಡ್‌ಗಳ ಉದ್ದ ಪಟ್ಟಿ ಬೇಡ. ನೀವು ಬಳಸಿ ನೋಡಿದ್ದನ್ನು ಮಾತ್ರ ಹೇಳಿ. ದಯವಿಟ್ಟು ಅಕ್ಷರ ಬಿಡಿಸಿಯೇ ಬರೆಯಿರಿ, ಫೋನಿನಲ್ಲಿ ಹಾಗೇ ಓದಿ ಹೇಳುತ್ತೇನೆ.

ಸಪೋರ್ಟ್_ಡೆಸ್ಕ್
ನನ್ನ ಕೆಲಸವೇ ಇದು, ದಿನವಿಡೀ ಫೋನಿನಲ್ಲಿ ಹೇಳಿಕೊಡುವುದು. ಕರೆ ಬಂದ ಕೂಡಲೇ ಮೊದಲು ಟೈಪ್ ಮಾಡಿಸುವುದು ಡಬ್ಲ್ಯು-ಐ-ಎನ್-ವಿ-ಇ-ಆರ್. ಯಾವ ವಿಂಡೋಸ್, ಯಾವ ವರ್ಷನ್, ಯಾವ ಬಿಲ್ಡ್ ಅನ್ನುವುದು ಒಂದು ಪುಟ್ಟ ಕಿಟಕಿಯಲ್ಲಿ ಬರುತ್ತದೆ. ಅದನ್ನು ಓದಿಸಿಕೊಂಡ ಮೇಲೆಯೇ ಮುಂದಿನ ಮಾತು.

ಶಬ್ದ ಬರುತ್ತಿಲ್ಲ ಅಂದರೆ ಎಂ-ಎಂ-ಎಸ್-ವೈ-ಎಸ್-ಡಾಟ್-ಸಿ-ಪಿ-ಎಲ್. ನೇರವಾಗಿ ಸೌಂಡ್ ಕಿಟಕಿ, ಅದರಲ್ಲಿ ಪ್ಲೇಬ್ಯಾಕ್ ಟ್ಯಾಬ್. ಹಸಿರು ಟಿಕ್ ಯಾವುದರ ಮೇಲಿದೆ ಅಂತ ಕೇಳಿ. ಎಷ್ಟೋ ಸಲ ಅದು ಸ್ಪೀಕರ್ ಬಿಟ್ಟು ಮಾನಿಟರ್ ಮೇಲೆ ಕೂತಿರುತ್ತದೆ. ಸ್ಪೀಕರ್ ಆರಿಸಿ "ಸೆಟ್ ಡಿಫಾಲ್ಟ್" ಒತ್ತಿಸಿದರೆ ಆಯಿತು.

ಇಂಟರ್ನೆಟ್ ಇಲ್ಲ ಅಂದರೆ ಎನ್-ಸಿ-ಪಿ-ಎ-ಡಾಟ್-ಸಿ-ಪಿ-ಎಲ್. ವೈಫೈ ಗುರುತು ಬೂದು ಬಣ್ಣಕ್ಕೆ ತಿರುಗಿ "ಡಿಸೇಬಲ್ಡ್" ಅಂತ ಇದ್ದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿಸಿ, ಆನ್ ಆಗುತ್ತದೆ. ಬೇಡದ ಸಾಫ್ಟ್‌ವೇರ್ ತೆಗೆಯಬೇಕಾದರೆ ಎ-ಪಿ-ಪಿ-ಡಬ್ಲ್ಯು-ಐ-ಝಡ್-ಡಾಟ್-ಸಿ-ಪಿ-ಎಲ್. ಮನೆ ಬಳಕೆಗೆ ಇಷ್ಟು ಬಂದರೆ ಮುಕ್ಕಾಲು ಪಾಲು ಕರೆ ಮುಗಿದ ಹಾಗೆ.

ಸುಮ್ನೆ_ಓದುಗ
ಇಷ್ಟೆಲ್ಲ ಯಾಕೆ? ಸ್ಟಾರ್ಟ್ ಒತ್ತಿ "ಸೌಂಡ್" ಅಂತ ಟೈಪ್ ಮಾಡಿದರೆ ತಾನಾಗಿಯೇ ತೋರಿಸುತ್ತದಲ್ಲ. ಎಂ-ಎಂ-ಎಸ್-ವೈ-ಎಸ್ ಅನ್ನುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಕೀಬೋರ್ಡ್_ಕೈ
ನಿಮ್ಮ ಕಂಪ್ಯೂಟರ್ ಮುಂದೆ ನೀವೇ ಕೂತಿದ್ದರೆ ಸ್ಟಾರ್ಟ್ ಹುಡುಕಾಟ ಸಾಕು, ಒಪ್ಪುತ್ತೇನೆ. ಫೋನಿನಲ್ಲಿ ಹಾಗಲ್ಲ. ಆ ಹುಡುಕಾಟ ಊಹೆ ಮಾಡುತ್ತದೆ. ನನಗೆ ಮೊದಲು ಬರುವುದು ನಿಮಗೆ ನಾಲ್ಕನೆಯದಾಗಿ ಬರಬಹುದು. ಮಧ್ಯೆ ವೆಬ್ ಫಲಿತಾಂಶಗಳೂ ತೂರಿಕೊಳ್ಳುತ್ತವೆ. ಆತುರದಲ್ಲಿ ಎಂಟರ್ ಒತ್ತಿದರೆ ಬ್ರೌಸರ್ ತೆರೆದು ಯಾವುದೋ ಪುಟ ಬಂದು ಕೂರುತ್ತದೆ.

ರನ್ ಪೆಟ್ಟಿಗೆ ಊಹೆ ಮಾಡುವುದಿಲ್ಲ. ಹೆಸರು ಸರಿಯಿದ್ದರೆ ಅದನ್ನೇ ತೆರೆಯುತ್ತದೆ. ಒಂದಕ್ಷರ ತಪ್ಪಿದರೂ "ಸಿಗುತ್ತಿಲ್ಲ, ಹೆಸರು ಸರಿ ಇದೆಯಾ ನೋಡಿ" ಅನ್ನುತ್ತದೆ. ಆ ಕಡೆ ಏನಾಯಿತು ಅಂತ ನನಗೆ ಖಚಿತವಾಗಿ ಗೊತ್ತಾಗುತ್ತದೆ. ಫೋನಿನಲ್ಲಿ ಕುರುಡಾಗಿ ಸಹಾಯ ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು?

ಇನ್ನೊಂದು, ವಿಂಡೋಸ್ ಯಾವ ಭಾಷೆಯಲ್ಲಿದ್ದರೂ ಈ ಹೆಸರುಗಳು ಬದಲಾಗುವುದಿಲ್ಲ. ಒಬ್ಬರದು ಕನ್ನಡದಲ್ಲಿ, ಇನ್ನೊಬ್ಬರದು ಜರ್ಮನ್‌ನಲ್ಲಿ ಇರಲಿ, ಎನ್-ಸಿ-ಪಿ-ಎ ಎಲ್ಲ ಕಡೆ ಎನ್-ಸಿ-ಪಿ-ಎ ಆಗಿಯೇ ಇರುತ್ತದೆ.

ಹಳೇಸಿಸ್ಟಂ
ಮೇಲಿನವರು ಹೇಳಿದ್ದು ನಿಜ. ವಿಂಡೋಸ್ 95ರ ಸ್ಟಾರ್ಟ್ ಮೆನುವಿನಲ್ಲೇ "ರನ್" ಇತ್ತು. ಅಲ್ಲಿಂದ ಇಲ್ಲಿಯವರೆಗೆ ಮೆನು ಎಷ್ಟು ಸಲ ತಲೆಕೆಳಗಾಯಿತೋ! ಕಂಟ್ರೋಲ್ ಪ್ಯಾನೆಲ್‌ನ ವಿಷಯಗಳು ಒಂದೊಂದಾಗಿ ಸೆಟ್ಟಿಂಗ್ಸ್‌ಗೆ ಹೋಗುತ್ತಲೇ ಇವೆ. ಹೆಸರು ಮಾತ್ರ ಅಲ್ಲೇ ಇದೆ.

ಒಂದು ಉದಾಹರಣೆ ನೋಡಿ. ವಿಂಡೋಸ್ 3 ಕಾಲದಲ್ಲಿ ಚಿತ್ರ ಬಿಡಿಸುವ ಪ್ರೋಗ್ರಾಂ ಹೆಸರು ಪೇಂಟ್‌ಬ್ರಷ್. ಅದರ ಫೈಲ್ ಪಿ-ಬಿ-ಆರ್-ಯು-ಎಸ್-ಎಚ್. ಆಮೇಲೆ ಪೇಂಟ್ ಬಂತು, ಎಂ-ಎಸ್-ಪಿ-ಎ-ಐ-ಎನ್-ಟಿ ಆಯಿತು. ಇವತ್ತಿಗೂ ಹಳೇ ಪಿ-ಬಿ-ಆರ್-ಯು-ಎಸ್-ಎಚ್ ಟೈಪ್ ಮಾಡಿ, ಪೇಂಟ್ ತೆರೆಯುತ್ತದೆ. ಹಳಬರ ಕೈಗೆ ಕೂತ ಅಭ್ಯಾಸವನ್ನು ಯಾರೋ ನೆನಪಿಟ್ಟು ಕಾಪಾಡಿದ್ದಾರೆ.

ಎಲ್ಲವೂ ಉಳಿದಿಲ್ಲ ಅನ್ನುವುದೂ ನಿಜ. ಡಬ್ಲ್ಯು-ಆರ್-ಐ-ಟಿ-ಇ ಅಂದರೆ ವರ್ಡ್‌ಪ್ಯಾಡ್ ಬರುತ್ತಿತ್ತು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ವರ್ಡ್‌ಪ್ಯಾಡನ್ನೇ ತೆಗೆದರು.

ಟಕ್_ಟಕ್
ವರ್ಡ್‌ಪ್ಯಾಡ್ ಹೋಗಿದ್ದು ನನಗೆ ಇನ್ನೂ ಬೇಜಾರು. ಅಷ್ಟು ಹಗುರವಾದ ಪ್ರೋಗ್ರಾಂ ಇನ್ನೊಂದಿರಲಿಲ್ಲ.

ಸುಮ್ನೆ_ಓದುಗ
ನೋಟ್‌ಪ್ಯಾಡ್ ಇದೆಯಲ್ಲ.

ಟಕ್_ಟಕ್
ನೋಟ್‌ಪ್ಯಾಡ್ ಬೇರೆ, ವರ್ಡ್‌ಪ್ಯಾಡ್ ಬೇರೆ. ಪತ್ರದ ಮಧ್ಯೆ ಒಂದು ಚಿತ್ರ ಹಾಕಿ ಪ್ರಿಂಟ್ ತೆಗೆಯಬೇಕಾದರೆ ನೋಟ್‌ಪ್ಯಾಡ್‌ನಲ್ಲಿ ಏನು ಮಾಡುತ್ತೀರಿ?

ದೂರದ_ಮಗಳು
ಎಲ್ಲರಿಗೂ ಥ್ಯಾಂಕ್ಸ್. ಸೌಂಡ್‌ದು ಮಾಡಿಸಿ ನೋಡಿದೆ, ಸಪೋರ್ಟ್_ಡೆಸ್ಕ್ ಅವರು ಹೇಳಿದ ಹಾಗೇ ಟಿಕ್ ಮಾನಿಟರ್ ಮೇಲಿತ್ತು! ಆದರೆ ಮೊದಲು ಟೈಪ್ ಮಾಡುವುದೇ ದೊಡ್ಡ ಕಷ್ಟವಾಯಿತು. ಅಪ್ಪ ಕನ್ನಡದಲ್ಲಿ ಏನೋ ಬರೆಯುತ್ತಿದ್ದರು. ಎಂ ಒತ್ತಿದರೆ ಪೆಟ್ಟಿಗೆಯಲ್ಲಿ ಕನ್ನಡ ಅಕ್ಷರ ಬರುತ್ತಿತ್ತಂತೆ. ಅದನ್ನು ಬದಲಿಸಲು ಸುಲಭದ ದಾರಿ ಏನು?

ಕೀಬೋರ್ಡ್_ಕೈ
ವಿಂಡೋಸ್ ಕೀ ಹಿಡಿದು ಸ್ಪೇಸ್ ಬಾರ್ ಒತ್ತಿಸಿ. ಒಂದೊಂದು ಸಲ ಒತ್ತಿದಾಗಲೂ ಕೀಬೋರ್ಡ್ ಭಾಷೆ ಒಂದೊಂದಾಗಿ ಬದಲಾಗುತ್ತದೆ. ಕೆಳಗೆ ಗಡಿಯಾರದ ಪಕ್ಕ ಇಂಗ್ಲಿಷ್ ಗುರುತು ಬಂದಾಗ ನಿಲ್ಲಿಸಬೇಕು.

ಇನ್ನೊಂದು ಉಪಾಯ, ಒ-ಎಸ್-ಕೆ. ಪರದೆಯ ಮೇಲೆ ಕೀಬೋರ್ಡ್ ಬರುತ್ತದೆ, ಯಾವ ಕೀ ಒತ್ತಿದರೆ ಯಾವ ಅಕ್ಷರ ಅಂತ ಕಾಣುತ್ತದೆ. ಕನ್ನಡ ಟೈಪಿಂಗ್ ಕಲಿಯುವವರಿಗೆ ಇದು ತುಂಬಾ ಉಪಯೋಗ. ಮಹಾಪ್ರಾಣ ಅಕ್ಷರ ಯಾವ ಕೀಲಿ ಹಿಂದೆ ಅಡಗಿದೆ ಅಂತ ಶಿಫ್ಟ್ ಒತ್ತಿ ನೋಡಬಹುದು. ಕೀಬೋರ್ಡ್‌ನ ಒಂದು ಕೀ ಕೆಟ್ಟಿದ್ದರೂ ಇದರಿಂದ ಕೆಲಸ ನಡೆಯುತ್ತದೆ. ಆ ಮೂರು ಅಕ್ಷರಗಳಲ್ಲಿ ಎಸ್ ಅಥವಾ ಕೆ ಕೆಟ್ಟಿದ್ದರೆ ವಿಂಡೋಸ್, ಕಂಟ್ರೋಲ್, ಒ ಮೂರನ್ನೂ ಒಟ್ಟಿಗೆ ಒತ್ತಬಹುದು, ಆದರೆ ಅದರಲ್ಲೂ ಒ ಇದೆ. ಒ ಕೆಟ್ಟವರು ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಭಾಗಕ್ಕೇ ಹೋಗಬೇಕು.

ಕಿವಿಯಿಂದ_ಓದುವೆ
ಇಲ್ಲಿ ಎಲ್ಲರೂ ಬೇರೆಯವರಿಗೆ ಹೇಳಿಕೊಡುವ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಕಣ್ಣು ಕಾಣುವುದಿಲ್ಲ, ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಬಳಸುತ್ತೇನೆ. ನನಗೆ ರನ್ ಪೆಟ್ಟಿಗೆಯೇ ಮುಖ್ಯ ಬಾಗಿಲು.

ಕಾರಣ ಹೇಳುತ್ತೇನೆ. ಸೆಟ್ಟಿಂಗ್ಸ್ ಒಳಗೆ ಹೋದರೆ ಟ್ಯಾಬ್ ಒತ್ತುತ್ತಾ ಪ್ರತಿಯೊಂದನ್ನೂ ಕೇಳಿಸಿಕೊಂಡು ಮುಂದೆ ಹೋಗಬೇಕು. ಹೊಸ ಅಪ್‌ಡೇಟ್ ಬಂದು ಮಧ್ಯೆ ಒಂದು ಹೊಸ ಬಟನ್ ಸೇರಿಸಿದರೆ ನನ್ನ ಲೆಕ್ಕ ಪೂರ್ತಿ ತಪ್ಪುತ್ತದೆ. ವಿಂಡೋಸ್ ಮತ್ತು ಆರ್ ಒತ್ತಿದರೆ ಕರ್ಸರ್ ನೇರ ಬರೆಯುವ ಜಾಗದಲ್ಲೇ ಇರುತ್ತದೆ. ಟೈಪ್ ಮಾಡುತ್ತೇನೆ, ಎಂಟರ್ ಒತ್ತುತ್ತೇನೆ, ಕಿಟಕಿಯ ಹೆಸರು ಕಿವಿಗೆ ಬೀಳುತ್ತದೆ. ಸರಿಯಾದ ಜಾಗಕ್ಕೆ ಬಂದೆ ಅಂತ ಖಾತ್ರಿ.

ಸ್ಕ್ರೀನ್ ರೀಡರ್ ಮಾತು ನಿಲ್ಲಿಸಿಬಿಟ್ಟರೆ ವಿಂಡೋಸ್ ಕೀ, ಆರ್, ಎನ್-ವಿ-ಡಿ-ಎ, ಎಂಟರ್. ಆ ಹೊತ್ತಿನಲ್ಲಿ ಏನೂ ಕೇಳಿಸದಿದ್ದರೂ ಬೆರಳಿಗೆ ದಾರಿ ಗೊತ್ತು. ಮತ್ತೆ ಮಾತು ಶುರುವಾಗುತ್ತದೆ. ಎನ್‌ವಿಡಿಎ ಇಲ್ಲದ ಬೇರೆ ಯಾರದೋ ಕಂಪ್ಯೂಟರ್ ಆದರೆ ವಿಂಡೋಸ್, ಕಂಟ್ರೋಲ್, ಎಂಟರ್ ಒಟ್ಟಿಗೆ. ಅದರಲ್ಲೇ ಇರುವ ನರೇಟರ್ ಮಾತಾಡುತ್ತದೆ. "ಯಾರು ನೆನಪಿಟ್ಟುಕೊಳ್ಳುತ್ತಾರೆ" ಅಂತ ಕೇಳಿದ್ದೀರಲ್ಲ ಸುಮ್ನೆ_ಓದುಗ ಅವರೇ, ನನ್ನಂಥವರು ನೆನಪಿಟ್ಟುಕೊಳ್ಳುತ್ತೇವೆ.

ಸುಮ್ನೆ_ಓದುಗ
ಇದು ನನಗೆ ಹೊಳೆದಿರಲಿಲ್ಲ ಸರ್. ಹೇಳಿದ್ದಕ್ಕೆ ಧನ್ಯವಾದ.

ಟಕ್_ಟಕ್
ಸ್ಪೀಡ್ ಕಡಿಮೆಯಾಗಿದೆ ಅಂದರೆ ನಾನು ಹೇಳುವುದು ಮೂರು. ಒಂದು ಟಿ-ಇ-ಎಂ-ಪಿ. ಎರಡು ಅದೇ ಪದದ ಎರಡೂ ಕಡೆ ಪರ್ಸೆಂಟ್ ಗುರುತು. ಮೂರು ಪಿ-ಆರ್-ಇ-ಎಫ್-ಇ-ಟಿ-ಸಿ-ಎಚ್. ಮೂರೂ ಫೋಲ್ಡರ್ ತೆರೆದು ಎಲ್ಲ ಆರಿಸಿ ಡಿಲೀಟ್ ಮಾಡಿಸಿ. ಆಮೇಲೆ ಎಂ-ಎಸ್-ಸಿ-ಒ-ಎನ್-ಎಫ್-ಐ-ಜಿ, ಬೂಟ್ ಟ್ಯಾಬ್, ಅಡ್ವಾನ್ಸ್ಡ್ ಆಪ್ಷನ್ಸ್. ಪ್ರೊಸೆಸರ್ ಸಂಖ್ಯೆ ಜಾಸ್ತಿ ಇರುವುದನ್ನು ಆರಿಸಿದರೆ ಬೇಗ ಬೂಟ್ ಆಗುತ್ತದೆ.

ಸಪೋರ್ಟ್_ಡೆಸ್ಕ್
ಟಕ್_ಟಕ್ ಅವರೇ, ಇದನ್ನು ದಯವಿಟ್ಟು ಯಾರಿಗೂ ಹೇಳಬೇಡಿ, ವಿಶೇಷವಾಗಿ ಕೊನೆಯದನ್ನು. ಆ ಪ್ರೊಸೆಸರ್ ಸಂಖ್ಯೆ ಇರುವುದು ಮಿತಿ ಹಾಕುವುದಕ್ಕೆ. ಟಿಕ್ ಹಾಕದೇ ಬಿಟ್ಟರೆ ವಿಂಡೋಸ್ ಎಲ್ಲ ಕೋರ್‌ಗಳನ್ನೂ ತಾನೇ ಬಳಸುತ್ತದೆ. ನೀವು ಟಿಕ್ ಹಾಕಿ ಇರುವಷ್ಟನ್ನೂ ಆರಿಸಿದರೆ ಏನೂ ಹೆಚ್ಚಾಗುವುದಿಲ್ಲ. ಕಡಿಮೆ ಆರಿಸಿದರೆ ಕಂಪ್ಯೂಟರ್ ಕುಂಟುತ್ತದೆ. ಪಕ್ಕದಲ್ಲೇ ಮೆಮೊರಿ ಮಿತಿ ಹಾಕುವ ಜಾಗವೂ ಇದೆ. ಅದರಲ್ಲಿ ಕೈಯಾಡಿಸಿ ವಿಂಡೋಸ್ ತೆರೆಯದೇ ಹೋದ ಯಂತ್ರಗಳನ್ನು ನಾನೇ ಸರಿಮಾಡಿದ್ದೇನೆ.

ಪ್ರಿಫೆಚ್ ಕೂಡ ಕಸ ಅಲ್ಲ. ಯಾವ ಪ್ರೋಗ್ರಾಂ ತೆರೆಯುವಾಗ ಯಾವ ಫೈಲ್‌ಗಳು ಬೇಕಾದವು ಅಂತ ವಿಂಡೋಸ್ ಬರೆದಿಟ್ಟುಕೊಳ್ಳುವ ಜಾಗ ಅದು. ಅಳಿಸಿದರೆ ಮುಂದಿನ ಸಲ ಪ್ರೋಗ್ರಾಂಗಳು ತೆರೆಯುವುದು ನಿಧಾನವೇ ಆಗುತ್ತದೆ. ಮತ್ತೆ ಅದನ್ನೆಲ್ಲ ಹೊಸದಾಗಿ ಬರೆಯಬೇಕಲ್ಲ.

ಟಕ್_ಟಕ್
ವರ್ಷಗಳಿಂದ ಎಲ್ಲರೂ ಮಾಡುತ್ತಿರುವುದು ಇದೇ. ಎಷ್ಟೊಂದು ವಿಡಿಯೋಗಳಲ್ಲಿ ಹೇಳುತ್ತಾರೆ. ಟೆಂಪ್ ಅಳಿಸುವುದೂ ತಪ್ಪಾ ಹಾಗಾದರೆ?

ಸಪೋರ್ಟ್_ಡೆಸ್ಕ್
ಪರ್ಸೆಂಟ್ ಗುರುತಿನ ಟೆಂಪ್ ಅಳಿಸಬಹುದು, ಜಾಗ ಖಾಲಿಯಾಗುತ್ತದೆ. ಬಳಕೆಯಲ್ಲಿರುವ ಫೈಲ್ ಅಳಿಯುವುದಿಲ್ಲ, ಅಲ್ಲಿ "ಸ್ಕಿಪ್" ಒತ್ತಿಸಿ. ಯಾವುದಾದರೂ ಇನ್‌ಸ್ಟಾಲ್ ಅರ್ಧಕ್ಕೆ ನಿಂತು ರೀಸ್ಟಾರ್ಟ್ ಕೇಳುತ್ತಿದ್ದರೆ ಮೊದಲು ರೀಸ್ಟಾರ್ಟ್ ಮಾಡಿಸಿ, ಆಮೇಲೆ ಅಳಿಸಿ. ಜಾಗ ಖಾಲಿಯಾಗುವುದು ಬೇರೆ, ವೇಗ ಬರುವುದು ಬೇರೆ. ಡಿಸ್ಕ್ ಪೂರ್ತಿ ತುಂಬಿ ತುಳುಕುತ್ತಿದ್ದರೆ ಮಾತ್ರ ಇದರಿಂದ ವೇಗಕ್ಕೆ ಸಹಾಯ.

ಹಳೇಸಿಸ್ಟಂ
ನಿಧಾನಕ್ಕೆ ನಿಜವಾದ ಮದ್ದು ಬೇರೆ ಕಡೆ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿಸಿ, ಇಲ್ಲವೇ ಟಿ-ಎ-ಎಸ್-ಕೆ-ಎಂ-ಜಿ-ಆರ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಟಾರ್ಟಪ್ ಭಾಗಕ್ಕೆ ಹೋಗಿ. ಕಂಪ್ಯೂಟರ್ ಆನ್ ಆದ ಕೂಡಲೇ ತಾವೇ ಎದ್ದು ಕೂರುವ ಪ್ರೋಗ್ರಾಂಗಳೆಲ್ಲ ಅಲ್ಲಿವೆ. ಬೇಡದ್ದನ್ನು ಡಿಸೇಬಲ್ ಮಾಡಿಸಿ. ಮೊದಲು ಇದು ಎಂಎಸ್‌ಕಾನ್ಫಿಗ್‌ನಲ್ಲೇ ಇತ್ತು. ವಿಂಡೋಸ್ 8ರಿಂದ ಟಾಸ್ಕ್ ಮ್ಯಾನೇಜರ್‌ಗೆ ಬಂತು. ಹಳೇ ವಿಡಿಯೋಗಳು ಇನ್ನೂ ಎಂಎಸ್‌ಕಾನ್ಫಿಗ್ ಅಂತಲೇ ಹೇಳುತ್ತಿರುವುದರಿಂದ ಜನ ಅಲ್ಲಿ ಹೋಗಿ ಬೇರೆ ಏನನ್ನೋ ಒತ್ತಿಬಿಡುತ್ತಾರೆ.

ಟಾಸ್ಕ್ ಮ್ಯಾನೇಜರ್ ಇನ್ನೊಂದು ಕಾರಣಕ್ಕೂ ಗೊತ್ತಿರಲಿ. ಒಮ್ಮೊಮ್ಮೆ ಟಾಸ್ಕ್‌ಬಾರ್, ಐಕಾನ್ ಎಲ್ಲ ಮಾಯವಾಗಿ ಬರೀ ಹಿನ್ನೆಲೆ ಚಿತ್ರ ಉಳಿಯುತ್ತದೆ. ಆಗ ವಿಂಡೋಸ್ ಮತ್ತು ಆರ್ ಕೂಡ ಕೆಲಸ ಮಾಡುವುದಿಲ್ಲ. ಯಾಕೆಂದರೆ ಟಾಸ್ಕ್‌ಬಾರ್, ಐಕಾನ್‌ಗಳ ಹಾಗೇ ಆ ಪೆಟ್ಟಿಗೆಯನ್ನೂ ತೋರಿಸುವುದು ಎಕ್ಸ್‌ಪ್ಲೋರರ್ ಅನ್ನುವ ಪ್ರೋಗ್ರಾಂ, ಅದೇ ಬಿದ್ದುಹೋಗಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಆಗಲೂ ಬರುತ್ತದೆ. ಅದರಲ್ಲಿ "ರನ್ ನ್ಯೂ ಟಾಸ್ಕ್" ಆರಿಸಿ ಇ-ಎಕ್ಸ್-ಪಿ-ಎಲ್-ಒ-ಆರ್-ಇ-ಆರ್ ಟೈಪ್ ಮಾಡಿಸಿ. ಎಲ್ಲ ವಾಪಸ್ ಬರುತ್ತದೆ.

ನೆಟ್‌ವರ್ಕ್_ನೋಡಿ
ಫೋನಿನಲ್ಲಿ ಅಕ್ಷರ ಹೇಳುತ್ತಾ ಕೂರುವ ಬದಲು ಕ್ವಿಕ್ ಅಸಿಸ್ಟ್ ಬಳಸಿ. ವಿಂಡೋಸ್, ಕಂಟ್ರೋಲ್, ಕ್ಯೂ ಒತ್ತಿದರೆ ತೆರೆಯುತ್ತದೆ. ನಿಮ್ಮ ಕೋಡ್ ಅವರು ಹಾಕಿ ಒಪ್ಪಿಗೆ ಕೊಟ್ಟರೆ ಅವರ ಪರದೆ ನಿಮಗೆ ಕಾಣುತ್ತದೆ. ನೀವೇ ಎಲ್ಲ ಸರಿಮಾಡಬಹುದು.

ಕೀಬೋರ್ಡ್_ಕೈ
ಇಂಟರ್ನೆಟ್ ಇದ್ದರೆ ಸರಿ. ಇಂಟರ್ನೆಟ್ಟೇ ಇಲ್ಲ ಅಂತ ಫೋನ್ ಬಂದಾಗ?

ನೆಟ್‌ವರ್ಕ್_ನೋಡಿ
ಆಗ ನೀವು ಹೇಳಿದ್ದೇ ದಾರಿ. ಆದರೆ ಉಳಿದ ಸಮಸ್ಯೆಗಳಿಗೆ ಪರದೆ ನೋಡಿ ಸರಿಮಾಡುವುದೇ ಮೇಲು ಅಂತ ನನ್ನ ಅಭಿಪ್ರಾಯ.

ಕಿವಿಯಿಂದ_ಓದುವೆ
ಅಪ್ಪನೇ ಟೈಪ್ ಮಾಡಿದರೆ ಅಪ್ಪನಿಗೇ ಬರುತ್ತದೆ. ಮಗಳು ಪರದೆ ಹಿಡಿದು ಎಲ್ಲ ಮಾಡಿಕೊಟ್ಟರೆ ಮುಂದಿನ ಸಲವೂ ಫೋನ್ ಬರುತ್ತದೆ. ಎರಡೂ ಇರಲಿ, ಆದರೆ ಮೊದಲನೆಯದನ್ನು ಬಿಡಬೇಡಿ.

ಎಚ್ಚರ_ಇರಲಿ
ಈ ಚರ್ಚೆಯಲ್ಲಿ ಇದನ್ನು ಯಾರೂ ಹೇಳಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ದೂರದ_ಮಗಳು ಅವರೇ, ಅಪ್ಪನಿಗೆ ವಿಂಡೋಸ್ ಮತ್ತು ಆರ್ ಹೇಳಿಕೊಟ್ಟಿರಿ, ಒಳ್ಳೆಯದು. ಇದನ್ನೂ ಅದೇ ದಿನ ಹೇಳಿಕೊಡಿ.

2024ರಿಂದ ಒಂದು ಮೋಸ ತುಂಬಾ ಹಬ್ಬಿದೆ. ಇದಕ್ಕೆ ಕ್ಲಿಕ್‌ಫಿಕ್ಸ್ ಅಂತ ಹೆಸರಿದೆ. ಯಾವುದೋ ವೆಬ್ ಪುಟ ತೆರೆದಾಗ "ನೀವು ಮನುಷ್ಯರೇ ಅಂತ ಖಚಿತಪಡಿಸಿ" ಅಂತ ಬರುತ್ತದೆ. ದಿನಾ ನೋಡುವ ಹಾಗೇ ಇರುತ್ತದೆ, ಅನುಮಾನ ಬರುವುದಿಲ್ಲ. ಆ ಬಟನ್ ಒತ್ತಿದ ಕ್ಷಣದಲ್ಲಿ ಪುಟ ಗುಟ್ಟಾಗಿ ಒಂದು ಉದ್ದ ಕಮಾಂಡನ್ನು ನಿಮ್ಮ ಕ್ಲಿಪ್‌ಬೋರ್ಡ್‌ಗೆ, ಅಂದರೆ ಕಾಪಿ ಮಾಡಿದ್ದು ಪೇಸ್ಟ್ ಮಾಡುವವರೆಗೆ ಇರುವ ಜಾಗಕ್ಕೆ, ಕಾಪಿ ಮಾಡಿರುತ್ತದೆ. ಆಮೇಲೆ ಮೂರು ಹೆಜ್ಜೆ ತೋರಿಸುತ್ತದೆ: ವಿಂಡೋಸ್ ಮತ್ತು ಆರ್ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ. ಒತ್ತಿದರೆ ಆ ಕಮಾಂಡ್ ಎಲ್ಲಿಂದಲೋ ಕಳ್ಳ ಪ್ರೋಗ್ರಾಂ ಇಳಿಸಿ ಓಡಿಸುತ್ತದೆ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದಿಯುವ ಪ್ರೋಗ್ರಾಂಗಳೇ ಹೆಚ್ಚು.

ಇದರ ಕೆಟ್ಟ ಜಾಣತನ ಎಲ್ಲಿದೆ ನೋಡಿ. ರನ್ ಪೆಟ್ಟಿಗೆ ಚಿಕ್ಕದು. ಉದ್ದ ಸಾಲು ಪೇಸ್ಟ್ ಆದಾಗ ಅದರ ಬಾಲ ಮಾತ್ರ ಕಾಣುತ್ತದೆ. ಆ ಬಾಲದಲ್ಲಿ "ನಾನು ರೋಬಾಟ್ ಅಲ್ಲ" ಅಂತ ಇಂಗ್ಲಿಷ್‌ನಲ್ಲಿ ಬರೆದು, ಜೊತೆಗೆ ಒಂದು ಸುಳ್ಳು ನಂಬರ್ ಸೇರಿಸಿರುತ್ತಾರೆ. ಕಣ್ಣಿಗೆ ಬೀಳುವುದು ಅದೊಂದೇ. ನಿಜವಾದ ಕಮಾಂಡ್ ಎಡಗಡೆ ಮರೆಯಲ್ಲಿರುತ್ತದೆ. ಪುಟ ನಿಮ್ಮ ಮೇಲೆ ಏನೂ ಮಾಡಿಲ್ಲ, ನೀವೇ ನಿಮ್ಮ ಕೈಯಾರೆ ಓಡಿಸಿದ್ದೀರಿ. ಅದಕ್ಕೇ ಬ್ರೌಸರ್‌ನ ಕಾವಲು ಇದನ್ನು ಎಷ್ಟೋ ಸಲ ಹಿಡಿಯುವುದಿಲ್ಲ.

ಯಾವ ನಿಜವಾದ ವೆಬ್‌ಸೈಟೂ ನಿಮ್ಮನ್ನು ರನ್ ಪೆಟ್ಟಿಗೆಗೆ ಕಳಿಸುವುದಿಲ್ಲ. ಎಂದೂ ಇಲ್ಲ.

ದೂರದ_ಮಗಳು
ಓದಿ ಗಾಬರಿಯಾಯಿತು. ಅಪ್ಪನಿಗೆ ಇದನ್ನು ಸುಲಭವಾಗಿ ಹೇಗೆ ಹೇಳಲಿ? ಕ್ಲಿಪ್‌ಬೋರ್ಡ್ ಅಂದರೆ ಅವರಿಗೆ ಅರ್ಥವಾಗುವುದಿಲ್ಲ.

ಎಚ್ಚರ_ಇರಲಿ
ಕ್ಲಿಪ್‌ಬೋರ್ಡ್ ಮಾತೇ ಬೇಡ. "ಅಪ್ಪ, ಆ ಪೆಟ್ಟಿಗೆಯಲ್ಲಿ ನಾನು ಫೋನಿನಲ್ಲಿ ಹೇಳಿದ ಅಕ್ಷರ ಮಾತ್ರ ನೀವೇ ಟೈಪ್ ಮಾಡಬೇಕು. ಪೇಸ್ಟ್ ಮಾಡಬಾರದು. ಯಾವ ಪುಟ ಹೇಳಿದರೂ ಆ ಪೆಟ್ಟಿಗೆ ತೆರೆಯಬಾರದು" ಅಂತ ಹೇಳಿ. ನಾವಿಲ್ಲಿ ಹೇಳುತ್ತಿರುವ ಕಮಾಂಡ್‌ಗಳೆಲ್ಲ ಒಂದೇ ಪದದವು. ಪೇಸ್ಟ್ ಮಾಡುವ ಅಗತ್ಯವೇ ಇಲ್ಲ.

ಅಕಸ್ಮಾತ್ ಯಾರಾದರೂ ಹಾಗೆ ಪೇಸ್ಟ್ ಮಾಡಿ ಎಂಟರ್ ಒತ್ತಿಬಿಟ್ಟಿದ್ದರೆ ಮೊದಲು ಇಂಟರ್ನೆಟ್ ಬಿಡಿಸಿ. ಬೇರೆ ಫೋನ್ ಅಥವಾ ಕಂಪ್ಯೂಟರ್‌ನಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಅದೇ ಯಂತ್ರದಿಂದ ಬದಲಿಸಿದರೆ ಹೊಸದೂ ಅವರ ಕೈಗೆ ಹೋಗಬಹುದು. ಆಮೇಲೆ ಪೂರ್ತಿ ಸ್ಕ್ಯಾನ್, ಆದರೆ ಗೊತ್ತಿರುವವರ ಕೈಲಿ ವಿಂಡೋಸ್ ಹೊಸದಾಗಿ ಹಾಕಿಸುವುದು ಇನ್ನೂ ಕ್ಷೇಮ.

ಸಪೋರ್ಟ್_ಡೆಸ್ಕ್
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ರನ್ ಪೆಟ್ಟಿಗೆಯ ಬಲತುದಿಯಲ್ಲಿ ಕೆಳಮುಖದ ಬಾಣ ಇದೆ. ಒತ್ತಿದರೆ ಹಿಂದೆ ಟೈಪ್ ಮಾಡಿದ್ದೆಲ್ಲ ಬರುತ್ತದೆ. ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗದಲ್ಲಿ, ಎ ಇಂದ ಝಡ್ ವರೆಗೆ ಹೆಸರಿಟ್ಟು 26 ಸಾಲುಗಳವರೆಗೆ ಉಳಿಸುತ್ತದೆ. ಅಪ್ಪನ ಮನೆಗೆ ಹೋದಾಗ ಅದನ್ನೊಮ್ಮೆ ನೋಡಿ. ಅರ್ಥವಾಗದ ಉದ್ದ ಸಾಲು ಇದ್ದರೆ ಎಚ್ಚರವಾಗಿ. ಪಟ್ಟಿ ಖಾಲಿ ಇದ್ದರೆ "ಆಪ್ ಬಳಕೆ ಗಮನಿಸು" ಅನ್ನುವ ಪ್ರೈವಸಿ ಸೆಟ್ಟಿಂಗ್ ಆಫ್ ಇರಬಹುದು, ಆಗ ನೆನಪಿಟ್ಟುಕೊಳ್ಳುವುದಿಲ್ಲ.

ಸುಮ್ನೆ_ಓದುಗ
ಇಷ್ಟು ಅಪಾಯ ಇದ್ದರೆ ವಯಸ್ಸಾದವರ ಕಂಪ್ಯೂಟರ್‌ನಲ್ಲಿ ರನ್ ಪೆಟ್ಟಿಗೆಯನ್ನೇ ಮುಚ್ಚಿಬಿಡುವುದು ಒಳ್ಳೆಯದಲ್ವಾ?

ಎಚ್ಚರ_ಇರಲಿ
ಮುಚ್ಚಬಹುದು, ಆಫೀಸುಗಳಲ್ಲಿ ಎಲ್ಲ ಕಂಪ್ಯೂಟರ್‌ಗಳಿಗೂ ನಿಯಮ ಹಾಕುವ ಗ್ರೂಪ್ ಪಾಲಿಸಿಯಿಂದ ಮುಚ್ಚುತ್ತಾರೆ. ಆದರೆ ಮೋಸಗಾರರು ಅಷ್ಟಕ್ಕೇ ಬಿಡುವುದಿಲ್ಲ. ವಿಂಡೋಸ್ ಮತ್ತು ಎಕ್ಸ್ ಒತ್ತಿ ಟರ್ಮಿನಲ್ ತೆರೆಯಿರಿ, ಅಲ್ಲಿ ಪೇಸ್ಟ್ ಮಾಡಿ ಅನ್ನುವ ಪುಟಗಳೂ ಇವೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೋರಿಸುತ್ತಾರೆ. ತಿಳಿಸಿ ಹೇಳುವುದೇ ಒಳ್ಳೆಯದು.

ಹಳೇಸಿಸ್ಟಂ
ಫೋನ್ ಮೋಸವೂ ಹೀಗೇ. "ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ" ಅಂತ ಯಾರೋ ಕರೆ ಮಾಡಿ ಇ-ವಿ-ಇ-ಎನ್-ಟಿ-ವಿ-ಡಬ್ಲ್ಯು-ಆರ್ ಟೈಪ್ ಮಾಡಿಸುತ್ತಾರೆ. ಈವೆಂಟ್ ವ್ಯೂವರ್ ತೆರೆದರೆ ಕೆಂಪು, ಹಳದಿ ಗುರುತುಗಳ ಸಾಲು. ನೋಡಿದವರು ಬೆಚ್ಚಿಬೀಳುತ್ತಾರೆ. ಆರೋಗ್ಯವಾಗಿರುವ ಯಾವ ಕಂಪ್ಯೂಟರ್‌ನಲ್ಲೂ ಅಂಥ ಗುರುತುಗಳು ಇದ್ದೇ ಇರುತ್ತವೆ. ಒಂದು ಸರ್ವಿಸ್ ತಡವಾಗಿ ಶುರುವಾದರೂ ಅಲ್ಲಿ ಬರೆಯುತ್ತದೆ. ಅದು ವೈರಸ್ ಲಕ್ಷಣ ಅಲ್ಲ. ಬೇಕಾದರೆ ನಿಮ್ಮ ಅಪ್ಪನಿಗೆ ನೀವೇ ಒಮ್ಮೆ ಅದನ್ನು ತೆರೆಸಿ ತೋರಿಸಿ. ಮುಂದೆ ಯಾರಾದರೂ ತೋರಿಸಿದಾಗ ಹೆದರುವುದಿಲ್ಲ.

ಪ್ರಿಂಟರ್_ಪ್ರಶ್ನೆ
ಮಧ್ಯೆ ಬಂದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಪ್ರಿಂಟ್ ಕೊಟ್ಟರೆ ಸಾಲಿನಲ್ಲೇ ನಿಲ್ಲುತ್ತದೆ. ಕ್ಯಾನ್ಸಲ್ ಮಾಡಿದರೆ "ಡಿಲೀಟಿಂಗ್" ಅಂತ ತೋರಿಸುತ್ತಾ ಹಾಗೇ ಇರುತ್ತದೆ. ಇದಕ್ಕೂ ಕಮಾಂಡ್ ಇದೆಯಾ?

ಸಪೋರ್ಟ್_ಡೆಸ್ಕ್
ಇದೆ, ನಿಧಾನವಾಗಿ ಮಾಡಿ. ಎಸ್-ಇ-ಆರ್-ವಿ-ಐ-ಸಿ-ಇ-ಎಸ್-ಡಾಟ್-ಎಂ-ಎಸ್-ಸಿ ಟೈಪ್ ಮಾಡಿ. ಉದ್ದ ಪಟ್ಟಿ ಬರುತ್ತದೆ. ಪಟ್ಟಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ ಪಿ-ಆರ್-ಐ-ಎನ್ ಅಂತ ಬೇಗ ಬೇಗ ಒತ್ತಿ, "ಪ್ರಿಂಟ್ ಸ್ಪೂಲರ್" ಹತ್ತಿರ ಬಂದು ನಿಲ್ಲುತ್ತದೆ, ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿ ಇಡುವುದು ಅದೇ. ರೈಟ್ ಕ್ಲಿಕ್ ಮಾಡಿ "ಸ್ಟಾಪ್" ಒತ್ತಿ. ಕಿಟಕಿ ಮುಚ್ಚಬೇಡಿ.

ಈಗ ಮತ್ತೆ ವಿಂಡೋಸ್ ಮತ್ತು ಆರ್. ಎಸ್-ಪಿ-ಒ-ಒ-ಎಲ್ ಅಂತ ಟೈಪ್ ಮಾಡಿದರೆ ವಿಂಡೋಸ್‌ನ ಸಿಸ್ಟಂ32 ಒಳಗಿರುವ ಸ್ಪೂಲ್ ಫೋಲ್ಡರ್ ತೆರೆಯಬೇಕು. ತೆರೆಯದಿದ್ದರೆ ಸಿ ಡ್ರೈವ್, ವಿಂಡೋಸ್, ಸಿಸ್ಟಂ32, ಸ್ಪೂಲ್ ಅಂತ ಒಂದೊಂದಾಗಿ ಒಳಗೆ ಹೋಗಿ. ಅಲ್ಲಿ "ಪ್ರಿಂಟರ್ಸ್" ಅನ್ನುವ ಫೋಲ್ಡರ್ ತೆರೆಯಿರಿ. ಅನುಮತಿ ಕೇಳಿದರೆ ಕೊಡಿ. ಒಳಗಿರುವ ಫೈಲ್‌ಗಳನ್ನು ಮಾತ್ರ ಅಳಿಸಿ, ಫೋಲ್ಡರನ್ನು ಅಳಿಸಬೇಡಿ. ಸಿಕ್ಕಿಕೊಂಡಿದ್ದ ಕೆಲಸಗಳು ಅವೇ. ಸರ್ವಿಸಸ್ ಕಿಟಕಿಗೆ ಬಂದು ಅದೇ ಸ್ಪೂಲರ್‌ಗೆ "ಸ್ಟಾರ್ಟ್" ಕೊಡಿ. ಪ್ರಿಂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಆ ಪಟ್ಟಿಯಲ್ಲಿ ಬೇರೆ ಯಾವುದನ್ನೂ ನಿಲ್ಲಿಸಬೇಡಿ.

ಪ್ರಿಂಟರ್_ಪ್ರಶ್ನೆ
ಪ್ರಿಂಟ್ ಬಂತು! ಒಂದೊಂದಾಗಿ ಒಳಗೆ ಹೋಗಿಯೇ ಮಾಡಿದೆ. ತುಂಬಾ ತುಂಬಾ ಥ್ಯಾಂಕ್ಸ್ ಸರ್.

ನೆಟ್‌ವರ್ಕ್_ನೋಡಿ
ವಿಷಯ ಸ್ವಲ್ಪ ಬೇರೆ. ದೂರದ_ಮಗಳು ಅವರೇ, ಅಪ್ಪನದು ವಿಂಡೋಸ್ 10 ಅಂದಿರಿ. ಅದರ ಮಾಮೂಲಿ ಉಚಿತ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸೆಕ್ಯುರಿಟಿ ಅಪ್‌ಡೇಟ್ ಮುಂದುವರಿಸುವ ವ್ಯವಸ್ಥೆಗೆ ಸೇರಿದ್ದಾರಾ ನೋಡಿ. ಇಲ್ಲದಿದ್ದರೆ 11ಕ್ಕೆ ಬದಲಿಸಿ.

ಲಿನಕ್ಸ್_ದಾರಿ
ಅಥವಾ ಲಿನಕ್ಸ್ ಹಾಕಿ. ಆಲ್ಟ್ ಮತ್ತು ಎಫ್2 ಒತ್ತಿದರೆ ಅಲ್ಲೂ ಇದೇ ತರಹದ ಪೆಟ್ಟಿಗೆ ಬರುತ್ತದೆ.

ಕೀಬೋರ್ಡ್_ಕೈ
ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಸ್ಪೇಸ್ ಒತ್ತಿದರೆ ಸ್ಪಾಟ್‌ಲೈಟ್. 2005ರ ಟೈಗರ್ ಆವೃತ್ತಿಯಿಂದ ಇದೆ. ಅಲ್ಲೂ ಹೆಸರಿನ ಮೊದಲ ಕೆಲವು ಅಕ್ಷರ ಸಾಕು, ಆದರೆ ಅದು ಊಹೆ ಮಾಡುವ ಜಾತಿ.

ಟಕ್_ಟಕ್
ನನ್ನದೊಂದು ಪ್ರಶ್ನೆ. ಡಬ್ಲ್ಯು-ಐ-ಎನ್-ಡಬ್ಲ್ಯು-ಒ-ಆರ್-ಡಿ ಅಂತ ರನ್‌ನಲ್ಲಿ ಹೊಡೆದರೆ ವರ್ಡ್ ತೆರೆಯುತ್ತದೆ. ಅದನ್ನೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೊಡೆದರೆ ಹಾಗೊಂದು ಕಮಾಂಡೇ ಇಲ್ಲ ಅನ್ನುತ್ತದೆ. ಯಾಕೆ?

ಹಳೇಸಿಸ್ಟಂ
ಒಳ್ಳೆಯ ಪ್ರಶ್ನೆ. ಇಬ್ಬರೂ ಹುಡುಕುವ ಜಾಗ ಬೇರೆ. ಕಮಾಂಡ್ ಪ್ರಾಂಪ್ಟ್ ತಾನಿರುವ ಫೋಲ್ಡರ್ ಮತ್ತು "ಪಾತ್" ಅನ್ನುವ, ಪ್ರೋಗ್ರಾಂ ಎಲ್ಲೆಲ್ಲಿ ಹುಡುಕಬೇಕು ಅಂತ ಹೇಳುವ ಪಟ್ಟಿಯಲ್ಲಿರುವ ಫೋಲ್ಡರ್‌ಗಳಲ್ಲಿ ಮಾತ್ರ ಹುಡುಕುತ್ತದೆ. ಸಿಸ್ಟಂ32 ಆ ಪಟ್ಟಿಯಲ್ಲಿದೆ, ಅದಕ್ಕೇ ಕ್ಯಾಲ್ಕುಲೇಟರ್ ಎರಡೂ ಕಡೆ ಬರುತ್ತದೆ. ರನ್ ಪೆಟ್ಟಿಗೆ ಇವುಗಳ ಜೊತೆಗೆ ರಿಜಿಸ್ಟ್ರಿಯಲ್ಲಿರುವ "ಆಪ್ ಪಾತ್ಸ್" ಅನ್ನುವ ಜಾಗವನ್ನೂ ನೋಡುತ್ತದೆ. ವರ್ಡ್, ಕ್ರೋಮ್‌ನಂಥವು ಇನ್‌ಸ್ಟಾಲ್ ಆಗುವಾಗ ತಮ್ಮ ಹೆಸರು ಅಲ್ಲಿ ಬರೆಸಿಕೊಳ್ಳುತ್ತವೆ. ಪ್ರಾಂಪ್ಟ್‌ನಲ್ಲೇ ಬೇಕಾದರೆ ಮುಂದೆ ಎಸ್-ಟಿ-ಎ-ಆರ್-ಟಿ ಸೇರಿಸಿ ಒಂದು ಸ್ಪೇಸ್ ಬಿಟ್ಟು ಹೆಸರು ಹೊಡೆಯಿರಿ, ಆಗ ಅದೂ ಆಪ್ ಪಾತ್ಸ್ ನೋಡುತ್ತದೆ.

ದೂರದ_ಮಗಳು
ಹಾಗಾದರೆ ನಮಗೆ ಬೇಕಾದ ಹೆಸರನ್ನು ನಾವೇ ಇಡಬಹುದಾ? ಅಪ್ಪನ ಫೋಟೋ ಫೋಲ್ಡರ್‌ಗೆ ಚಿಕ್ಕ ಹೆಸರೊಂದು ಕೊಟ್ಟರೆ ಅವರಿಗೆ ಸುಲಭ.

ಹಳೇಸಿಸ್ಟಂ
ಇಡಬಹುದು. ಎಲ್ಲಾದರೂ ಒಂದು ಹೊಸ ಫೋಲ್ಡರ್ ಮಾಡಿ. ಫೋಟೋ ಫೋಲ್ಡರ್‌ನ ಶಾರ್ಟ್‌ಕಟ್ ಅದರೊಳಗೆ ಇಟ್ಟು ಬೇಕಾದ ಹೆಸರು ಕೊಡಿ, ಎಫ್-ಒ-ಟಿ-ಒ ಅಂತಲೇ ಇಡಿ. ಆಮೇಲೆ ಎಸ್-ವೈ-ಎಸ್-ಡಿ-ಎಂ-ಡಾಟ್-ಸಿ-ಪಿ-ಎಲ್, ಅಡ್ವಾನ್ಸ್ಡ್ ಟ್ಯಾಬ್, ಎನ್ವಿರಾನ್‌ಮೆಂಟ್ ವೇರಿಯೇಬಲ್ಸ್. ಮೇಲಿನ ಭಾಗದಲ್ಲಿ "ಪಾತ್" ಆರಿಸಿ ಎಡಿಟ್ ಒತ್ತಿ, "ನ್ಯೂ" ಒತ್ತಿ ಆ ಹೊಸ ಫೋಲ್ಡರ್‌ನ ವಿಳಾಸ ಸೇರಿಸಿ. ಅಲ್ಲಿರುವ ಹಳೆಯ ಸಾಲುಗಳನ್ನು ಮುಟ್ಟಬೇಡಿ. ಒಮ್ಮೆ ಸೈನ್ ಔಟ್ ಮಾಡಿ ಬನ್ನಿ. ಇದನ್ನು ಮಾತ್ರ ಫೋನಿನಲ್ಲಿ ಮಾಡಿಸಬೇಡಿ, ಮನೆಗೆ ಹೋದಾಗ ನೀವೇ ಕೂತು ಮಾಡಿ.

ಕೀಬೋರ್ಡ್_ಕೈ
ಹೆಸರಿಡುವಾಗ ಈಗಾಗಲೇ ಇರುವ ಕಮಾಂಡ್‌ನ ಹೆಸರು ಇಡಬೇಡಿ. ನೋಟ್‌ಪ್ಯಾಡ್ ಅಂತ ಇಟ್ಟರೆ ನೋಟ್‌ಪ್ಯಾಡೇ ತೆರೆಯುತ್ತದೆ, ನಿಮ್ಮದು ಬರುವುದಿಲ್ಲ.